ಐಸಕ್ಕ ಕೈ ಎತ್ತಿದ ಸಂಜೆ

ಊರಿನ ಅತ್ಯಂತ ಶೋಕಿಯ ಬಾರಿನಲ್ಲಿ ಕುಳಿತು, ಗ್ಲಾಸನ್ನು ದೀಪಕ್ಕೆ ಹಿಡಿದು, ಅದರೊಳಗಿನ ಐಸ್ ತುಂಡನ್ನು ನೋಡಿ "ಆಹಾ, ಗಾಜಿನ ಹಾಗಿದೆ" ಎಂದು ಕಣ್ಣರಳಿಸುವವರು ಒಂದು ವಿಷಯ ತಿಳಿದಿರಬೇಕು. ಆ ತುಂಡು ಅಲ್ಲಿಗೆ ಬರುವ ಮೊದಲು ಗರಗಸದಲ್ಲಿ ಕೊಯ್ಯಿಸಿಕೊಂಡಿದೆ, ಉಳಿಯಲ್ಲಿ ಕೆತ್ತಿಸಿಕೊಂಡಿದೆ, ಮರದ ಸುತ್ತಿಗೆಯ ಏಟು ತಿಂದಿದೆ, ಅಚ್ಚು ಹಾಕಲಾಗದಂಥ ಬೈಗುಳಗಳನ್ನೂ ಕೇಳಿದೆ. ಮೇಲೆ ಮೆತ್ತನೆಯ ಸಂಗೀತ, ಮಂದ ಬೆಳಕು, ಪಿಸುಮಾತು. ಕೆಳಗೆ ನೆಲಮಾಳಿಗೆಯಲ್ಲಿ ಪ್ರತಿದಿನ ಮಧ್ಯಾಹ್ನ ಎರಡರಿಂದ ಆರರವರೆಗೆ ಘೋರ ಯುದ್ಧ. ಆ ಯುದ್ಧದ ಏಕೈಕ ಸೇನಾಪತಿ ಐಸಕ್ಕ.

ಐಸಕ್ಕನಿಗೆ ಐವತ್ತೆರಡು ವರ್ಷ. ಎತ್ತರ ಐದಡಿಗೆ ಎರಡಂಗುಲ ಕಮ್ಮಿ. ಆ ಎರಡಂಗುಲ ಭುಜಗಳ ಅಗಲಕ್ಕೆ ಹೋಗಿದೆ. ಎಡಗೈಯ ಕಿರುಬೆರಳು ಅರ್ಧ ಇಲ್ಲ. ಉಳಿದರ್ಧ ಎಲ್ಲಿ ಹೋಯಿತೆಂದು ಕೇಳಿದರೆ, "ಯಾರದೋ ಗ್ಲಾಸಿಗೆ ಹೋಗಿರ್ಬೇಕು, ಯಾರೂ ದೂರು ಕೊಟ್ಟಿಲ್ಲ" ಅನ್ನುತ್ತಾಳೆ.

ಅವಳ ಅಪ್ಪ ಐಸ್ ಕಾರ್ಖಾನೆಯಲ್ಲಿ ಹಮಾಲಿ. ಹೆಂಚಿನ ಮಾಡಿನ ಕೆಳಗೆ, ಮರದ ಹೊಟ್ಟು ಸುರಿದ ನೆಲದ ಮೇಲೆ, ಆನೆಮರಿಯಂಥ ಐಸ್ ದಿಮ್ಮಿಗಳ ನಡುವೆ ಅವಳು ಬೆಳೆದಳು. ಏಳನೇ ವಯಸ್ಸಿನಲ್ಲಿ ದೊಡ್ಡಪ್ಪನ ಮಗನೊಬ್ಬ, "ಹುಡುಗೀರಿಗೆ ದಿಮ್ಮಿ ಹಿಡಿಯೋ ಈ ಇಕ್ಕಳ ಎತ್ತೋಕಾಗಲ್ಲ ಬಿಡು" ಅಂದ. ಅವಳು ಎತ್ತಿದಳು. ಎತ್ತಿದ್ದನ್ನು ಎಲ್ಲಾದರೂ ಇಳಿಸಲೇಬೇಕಲ್ಲ? ಅವನ ಪಾದ ಹತ್ತಿರದಲ್ಲಿತ್ತು. ಅವನಿಗೀಗ ಮೊಮ್ಮಕ್ಕಳಿದ್ದಾರೆ, ಮೋಡ ಕಟ್ಟಿದಾಗಲೆಲ್ಲ ಆ ಪಾದ ಐಸಕ್ಕನನ್ನು ನೆನೆಸಿಕೊಳ್ಳುತ್ತದೆ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುತ್ತಾರೆ. ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ ಎಂಬುದಕ್ಕೆ ಐಸಕ್ಕನ ಮುಂದಿನ ನಲವತ್ತು ವರ್ಷಗಳೇ ಸಾಕ್ಷಿ. ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಬೆನ್ನ ಮೇಲೆ ಕೈಯಾಡಿಸಲು ಬಂದ ಮ್ಯಾನೇಜರನ ಟೈಯನ್ನು, ಅದು ಅವನ ಕೊರಳಲ್ಲಿದ್ದಂತೆಯೇ ಇಸ್ತ್ರಿ ಮಾಡಿದಳು. ಕ್ಯಾಂಟೀನಿನಲ್ಲಿ ಸೂಪಿನಲ್ಲಿ ಕೂದಲಿದೆ ಎಂದು ಕೂಗಾಡಿದವನಿಗೆ, "ನಿಂದೇ ಇರ್ಬೇಕು, ಹೋಲಿಸಿ ನೋಡೋಣ" ಎಂದು ಅವನ ತಲೆಯಿಂದ ಒಂದು ಹಿಡಿ ಕಿತ್ತುಕೊಟ್ಟಳು. ಮದುವೆಯಾಗಿದ್ದವನು ಕೊಡೆ ರಿಪೇರಿಯ ಸಾಧು ಮನುಷ್ಯ. ಹನ್ನೊಂದು ವರ್ಷ ಸಂಸಾರ ಮಾಡಿ ಒಂದೇ ಒಂದು ಏಟು ತಿನ್ನದೆ ಜ್ವರದಲ್ಲಿ ತೀರಿಕೊಂಡ. ಇಡೀ ಊರಿನಲ್ಲಿ ಆ ದಾಖಲೆ ಇದ್ದದ್ದು ಅವನೊಬ್ಬನಿಗೇ. ಅವನು ಹೋದ ವಾರ ಅವಳು ಯಾರನ್ನೂ ಹೊಡೆಯಲಿಲ್ಲ. ಅದನ್ನು ನೋಡಿಯೇ ಅಕ್ಕಪಕ್ಕದವರು ಅವಳ ದುಃಖದ ಆಳ ತಿಳಿದುಕೊಂಡರು.

ಬಾರಿನ ಯಜಮಾನಿ ಅವಳನ್ನು ಮೊದಲು ಕಂಡದ್ದು ಮೀನು ಮಾರುಕಟ್ಟೆಯಲ್ಲಿ. ಐಸಕ್ಕ ಅಲ್ಲಿ ದಿಮ್ಮಿ ಒಡೆಯುತ್ತಿದ್ದಳು. ಮೂರು ಏಟಿಗೆ ದಿಮ್ಮಿ ನೇರವಾಗಿ ಎರಡಾಯಿತು. ನಾಲ್ಕನೆಯದಕ್ಕೆ ಪಕ್ಕದಲ್ಲಿ ನಿಂತು ಅವಳ ಅವ್ವನನ್ನು ನೆನೆಸಿದ ದಲ್ಲಾಳಿಯ ತುಟಿ ಎರಡಾಯಿತು. ಯಜಮಾನಿಗೆ, ಎಲ್ಲರೂ ಅವಳನ್ನು ಕರೆಯುವುದು ಮೇಡಂ ಎಂದೇ, ದಿಮ್ಮಿ ಒಡೆದ ರೀತಿ ಹಿಡಿಸಿತು.

"ನನ್ನ ಬಾರಿಗೆ ಬರ್ತೀಯಾ? ಕನ್ನಡಿಯಂಥ ಐಸ್ ಬೇಕು ನನಗೆ."

"ಬರ್ತೀನಿ. ಅಲ್ಲಿ ದಲ್ಲಾಳಿಗಳಿದ್ದಾರಾ?"

"ಗಿರಾಕಿಗಳಿದ್ದಾರೆ. ಅವರಿಗಿಂತ್ಲೂ ಕಡೆ. ಅದಕ್ಕೇ ಮೊದಲೇ ಹೇಳ್ಬಿಡ್ತೀನಿ, ಕೌಂಟರಿನ ಈಚೆ ಕೆಲಸ ಮಾಡೋರು ಯಾರೇ ಆಗಲಿ, ಯಾರ ಮೇಲಾದ್ರೂ ಕೈ ಎತ್ತಿದ್ರೆ ಅವತ್ತೇ ಹೊರಗೆ. ಯಾಕೆ, ಏನು ಅಂತ ಕೇಳಲ್ಲ."

ಐಸಕ್ಕ ಒಪ್ಪಿಕೊಂಡಳು. ಅವಳು ಒಪ್ಪಿದ್ದು ಆ ನೆಲಮಾಳಿಗೆಯನ್ನು ನೋಡಿದ ಮೇಲೆ. ಬಿಳಿ ಹೆಂಚಿನ ಗೋಡೆ, ಉದ್ದನೆಯ ಕಲ್ಲಿನ ಮೇಜು, ಗೋಡೆಗೆ ಸಾಲಾಗಿ ತೂಗುಹಾಕಿದ ಗರಗಸ, ಉಳಿ, ಮೂರು ಮೊನೆಯ ಚುಚ್ಚುಗೋಲು, ಸುತ್ತಿಗೆ. ಬಾಗಿಲು ಹಾಕಿಕೊಂಡರೆ ಮೇಲಿನ ಲೋಕದ ಸದ್ದಿಲ್ಲ. ದಿನಕ್ಕೆ ನಾಲ್ಕು ಗಂಟೆ ಮನಸಾರೆ ಹೊಡೆಯಬಹುದು, ಏಟು ತಿಂದವನು ಪೊಲೀಸರ ಹತ್ತಿರ ಹೋಗುವುದಿಲ್ಲ. ಇಂಥ ನೌಕರಿ ಭೂಮಿಯ ಮೇಲೆ ಎರಡನೆಯದಿಲ್ಲವೆಂದು ಅವಳಿಗೆ ಅನಿಸಿತು. ಕೋಪ ಬಂದಾಗ ಕೆಳಗಿಳಿದು ಬರುತ್ತಿದ್ದಳು. ದಿಮ್ಮಿಗೆ ಕೆಣಕಿದ ಗಿರಾಕಿಯ ಹೆಸರಿಟ್ಟು ಕೆಲಸ ಶುರುಮಾಡುತ್ತಿದ್ದಳು. ನಾಲ್ಕು ವರ್ಷ ಏಳು ತಿಂಗಳು ಅವಳ ಕೈ ಯಾರ ಮೇಲೂ ಏಳಲಿಲ್ಲ. ಜಗತ್ತು ಇದನ್ನು ಗಮನಿಸಲಿಲ್ಲ; ಶಾಂತಿ ಪ್ರಶಸ್ತಿಗಳೆಲ್ಲ ಬೇರೆಯವರಿಗೆ ಹೋದವು.

ಅದೇ ಬಾರಿನಲ್ಲಿ ಗ್ಲಾಸು ತೊಳೆದು ಒರೆಸುವ ಕೆಲಸ ಅವಳ ತಂಗಿಯದು. ಇಬ್ಬರ ಪಾಲಿನ ಮಾತನ್ನೂ ಸಿಟ್ಟನ್ನೂ ಅಕ್ಕನೇ ಖರ್ಚು ಮಾಡಿಬಿಟ್ಟಿದ್ದರಿಂದ ತಂಗಿಗೆ ಎರಡೂ ಉಳಿದಿರಲಿಲ್ಲ. ತಂಗಿಯ ಗಂಡ ಬಾರಿನ ಕೌಂಟರಿನ ರಾಜ, ಕಾಕ್‌ಟೇಲ್ ಕಲಸುವವನು. ಅವನ ಅಡ್ಡಹೆಸರು ಶೋಕಿಲಾಲ. ಎಣ್ಣೆ ಹಚ್ಚಿ ತೀಡಿದ ಮೀಸೆ, ತೋಳಿಗೆ ಪಟ್ಟಿ ಕಟ್ಟಿದ ಅಂಗಿ, ಬಲಗೈಯಲ್ಲಿ ಮದ್ಯ ಕುಲುಕುವ ಶೇಕರ್. ಬಾಟಲಿಯನ್ನು ಬೆನ್ನ ಹಿಂದಿನಿಂದ ಎಸೆದು ಎದೆಯ ಮುಂದೆ ಹಿಡಿಯುತ್ತಿದ್ದ. ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. ಮನೆಗೆ ಹೋದ ಮೇಲೆ ಅವನು ಹೆಂಡತಿಯನ್ನು ತಟ್ಟುತ್ತಿದ್ದ.

ಒಂದು ದಿನ ತಂಗಿ ಬಲ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು.

"ಏನಾಯ್ತೇ ಪುಟ್ಟಿ?"

"ಬಚ್ಚಲಲ್ಲಿ ಜಾರಿಬಿದ್ದೆ ಅಕ್ಕ."

"ಆ ಬಚ್ಚಲು ಈಗ ಡ್ಯೂಟೀಲಿದೆಯಾ?"

ಐಸಕ್ಕ ಸುತ್ತಿಗೆಯ ಸಮೇತ ಮೆಟ್ಟಿಲು ಹತ್ತುತ್ತಿದ್ದಾಗ ಮೇಡಂ ಎದುರಾದಳು. ಸುತ್ತಿಗೆಯನ್ನು ನೋಡಿದಳು, ಕಣ್ಣುಗಳನ್ನು ನೋಡಿದಳು, ಹಿಂದೆ ಓಡಿಬಂದ ತಂಗಿಯ ಪ್ಲಾಸ್ಟರನ್ನೂ ನೋಡಿದಳು. ಹತ್ತೇ ನಿಮಿಷದಲ್ಲಿ ಶೋಕಿಲಾಲನ ಅಂಗಿ, ಶೇಕರು, ಮೀಸೆ ಎಲ್ಲವೂ ರಸ್ತೆಯಲ್ಲಿದ್ದವು. ಆಮೇಲೆ ಐಸಕ್ಕನ ಕಡೆ ತಿರುಗಿ ಹೇಳಿದಳು: "ನಿನ್ನ ಕೈ ಇವತ್ತು ಅರ್ಧ ಮೇಲೆ ಹೋಗಿತ್ತು. ಅರ್ಧ ಅಂತ ಬಿಟ್ಟಿದ್ದೀನಿ. ಪೂರ್ತಿ ಹೋದ್ರೆ ನಿನಗೂ ಅದೇ ರಸ್ತೆ. ಆ ಐಸ್ ರೂಮು ಇನ್ನೊಬ್ಬರದಾಗುತ್ತೆ, ನೆನಪಿರಲಿ."

ತಂಗಿ ಅಕ್ಕನ ಒಂದೇ ಕೋಣೆಯ ಮನೆಗೆ ಬಂದು ಸೇರಿದಳು. ಶೋಕಿಲಾಲ ಎದುರಿನ ಫುಟ್‌ಪಾತಿನಲ್ಲಿ ನಿಂತು ಕೂಗುತ್ತಿದ್ದ: "ಅತ್ತಿಗೆಮ್ಮಾ, ನನ್ನ ಹೆಂಡ್ತೀನ ಕಳಿಸ್ತೀಯೋ, ಇಲ್ಲಾ ನಿನ್ನ ಕರುಳು ತೆಗೆದು ಕೊರಳಿಗೆ ಹಾಕ್ಲೋ?" ಐಸಕ್ಕ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಎಂಟು ತಿಂಗಳಲ್ಲಿ ಎರಡು ಸರಳು ಬಾಗಿದವು. ಅವಳು ಕೆಳಗಿಳಿದು ಹೋಗಲಿಲ್ಲ. ಐಸ್ ರೂಮಿನ ಕೀಲಿ ಅವಳ ಸೊಂಟದಲ್ಲಿತ್ತು, ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಇಲ್ಲಿ ಕೌಂಟರಿನ ಹಿಂದಿನ ಓಣಿಯ ಬಗ್ಗೆ ನಾಲ್ಕು ಮಾತು ಹೇಳಬೇಕು. ಆ ಓಣಿಯ ಅಗಲ ಒಂದೂವರೆ ಮನುಷ್ಯ. ಒಂದು ತುದಿಯಲ್ಲಿ ಸರಕು ಬರುವ ಹಿಂಬಾಗಿಲು, ಇನ್ನೊಂದು ತುದಿಯಲ್ಲಿ ಗ್ಲಾಸು ತೊಳೆಯುವ ಕೋಣೆ. ನಡುವೆ ಆರು ಜನ ಚಾಕು, ಬಾಟಲಿ, ಕುದಿಯುವ ನೀರು ಹಿಡಿದು ಓಡಾಡುತ್ತಾರೆ. ಹಾಗಾಗಿ ಅಲ್ಲೊಂದು ಕಟ್ಟಳೆ. ಯಾರ ಬೆನ್ನ ಹಿಂದೆ ಹಾಯುವುದಿದ್ದರೂ "ಹಿಂದೆ!" ಎಂದು ಕೂಗಬೇಕು. ಕೈಯಲ್ಲಿ ಚಾಕು ಇದ್ದರೆ "ಹಿಂದೆ, ಚೂಪು!" ಕುದಿನೀರಿದ್ದರೆ "ಹಿಂದೆ, ಬಿಸಿ!" ಕೇಳಿಸಿಕೊಂಡವನು ತಿರುಗಬಾರದು, ಹೆಜ್ಜೆ ಕೀಳಬಾರದು, ಹೊಟ್ಟೆಯನ್ನು ಕೌಂಟರಿಗೆ ಒತ್ತಿ, ಮೊಣಕೈ ಒಳಗೆಳೆದು, ಕೂಗಿದವನು ದಾಟುವವರೆಗೆ ಕಂಬದ ಹಾಗೆ ನಿಲ್ಲಬೇಕು. ತಪ್ಪಿದವರಿಗೆ ಮೈಮೇಲೆ ಕಲೆಗಳಿವೆ. ವರ್ಷಗಟ್ಟಲೆ ಹೀಗೆ ಮಾಡಿದವರಿಗೆ ಇದು ರಕ್ತಕ್ಕಿಳಿದುಬಿಡುತ್ತದೆ. ಮನೆಯಲ್ಲೂ ಅತ್ತೆಯ ಹಿಂದೆ ಹಾಯುವಾಗ "ಹಿಂದೆ, ಬಿಸಿ!" ಎಂದು ಕೂಗಿ ಜಗಳ ತಂದುಕೊಂಡವರಿದ್ದಾರೆ. ಶೋಕಿಲಾಲ ಆ ಓಣಿಯಲ್ಲಿ ಹತ್ತು ವರ್ಷ ಓಡಾಡಿದವನು.

ಶನಿವಾರ ಸಂಜೆ ಏಳು ಗಂಟೆ. ಶನಿವಾರಗಳಂದು ಐಸಕ್ಕ ದೊಡ್ಡ ದಿಮ್ಮಿಯೊಂದನ್ನು ಮೇಲೆ ಹೊತ್ತು ತಂದು, ಕೌಂಟರಿನ ಮೇಲಿಟ್ಟು, ಗಿರಾಕಿಗಳ ಕಣ್ಣೆದುರೇ ಕೆತ್ತಬೇಕೆಂಬುದು ಮೇಡಂ ಹುಕುಂ. ಶೋಕಿಯ ಜನಕ್ಕೆ ದುಡಿಮೆಯನ್ನು ದೂರದಿಂದ ನೋಡುವುದು ಬಲು ಇಷ್ಟ. ಇಪ್ಪತ್ತು ಮಂದಿ ಎತ್ತರದ ಸ್ಟೂಲುಗಳ ಮೇಲೆ ಕುಳಿತಿದ್ದರು. ಆಟ ಚೆನ್ನಾಗಿ ಕಾಣಲೆಂದು ಉಳಿದ ಕೆಲಸದವರನ್ನು ಓಣಿಯಿಂದ ಹೊರಗೆ ಕಳಿಸಲಾಗಿತ್ತು. ಐಸಕ್ಕ ಉಳಿ ಹಿಡಿದು ಬಗ್ಗಿದ್ದಳು.

ಶೋಕಿಲಾಲ ಹಿಂಬಾಗಿಲಿನಿಂದ ಬಂದ. ಅದರ ಚಿಲಕ ಯಾವ ಕಡೆ ಅಲ್ಲಾಡಿಸಿದರೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಕೈಯಲ್ಲಿ ತನ್ನದೇ ಚಾಕು, ನಿಂಬೆಹಣ್ಣನ್ನು ಕಾಗದದಷ್ಟು ತೆಳ್ಳಗೆ ಕೊಯ್ಯುವಂಥದ್ದು. ಎಂಟು ತಿಂಗಳಿಂದ ಮಸೆದಿದ್ದ. ಮನಸ್ಸಿನಲ್ಲಿ ಐಸಕ್ಕನ ಬೆನ್ನಿನ ನಕಾಶೆಯನ್ನೇ ಬರೆದಿಟ್ಟುಕೊಂಡಿದ್ದ. ಎಡಭುಜದ ಮೂಳೆಯ ಕೆಳಗೆ ಎರಡು ಬೆರಳು, ಅಲ್ಲಿ. ಉಸಿರು ಬಿಗಿಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಓಣಿಯೊಳಗೆ ನಡೆದು, ಸರಿಯಾಗಿ ಅವಳ ಬೆನ್ನ ಹಿಂದೆ ಬಂದು, ಚಾಕು ಎತ್ತಿ, ಗಂಟಲು ತುಂಬ ಕೂಗಿದ:

"ಹಿಂದೆ, ಚೂಪು!"

ಐಸಕ್ಕ ಹೊಟ್ಟೆಯನ್ನು ಕೌಂಟರಿಗೆ ಒತ್ತಿ, ಮೊಣಕೈ ಒಳಗೆಳೆದು, ಕಂಬದ ಹಾಗೆ ನಿಂತಳು. ಶೋಕಿಲಾಲನ ಕಾಲುಗಳು, ಹತ್ತು ವರ್ಷದ ವಿಧೇಯ ಕಾಲುಗಳು, ಅವನನ್ನು ಅವಳ ಹಿಂದಿನಿಂದ ಸರ್ರನೆ ದಾಟಿಸಿದವು. ಚಾಕು ತಾನಾಗಿಯೇ ಕೆಳಗಿಳಿದು, ಮೊನೆ ನೆಲಕ್ಕೆ ಮಾಡಿ, ತೊಡೆಗೆ ಅಂಟಿಕೊಂಡಿತು. ಮೂರು ಹೆಜ್ಜೆ ಆಚೆ ಹೋಗಿ ನಿಂತ ಮೇಲೆ ಅವನಿಗೆ ತಾನು ಕೊಲೆಯನ್ನು ಹಿಂದೆ ಬಿಟ್ಟು ಬಂದದ್ದು ಹೊಳೆಯಿತು.

ಐಸಕ್ಕ ತಲೆಯೆತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಏನೋ, ದಾರಿ ತಪ್ಪಿದ್ಯಾ?" ಅಂದಳು.

ಅವನಿಗೆ ಕೊಲ್ಲುವ ಸಿಟ್ಟಿಗಿಂತ ಅವಮಾನದ ಸಿಟ್ಟು ದೊಡ್ಡದಾಯಿತು. ಬುಸುಗುಟ್ಟುತ್ತ ತಿರುಗಿ ಬಂದು ಬೀಸಿದ. ಐಸಕ್ಕನ ಮುಂಗೈ ಮೊಣಕೈಯವರೆಗೆ ಸೀಳಿತು. ರಕ್ತ ದಿಮ್ಮಿಯ ಮೇಲೆ ಹರಿದು, ಗಾಜಿನಂಥ ಐಸಿನ ಕೆತ್ತನೆಗಳಲ್ಲಿ ಕೆಂಪು ಗೆರೆಗಳಾಗಿ ಇಳಿಯಿತು. ಸ್ಟೂಲಿನ ಮೇಲಿದ್ದವರು ಚಪ್ಪಾಳೆ ತಟ್ಟಿದರು. "ಇದು ಪ್ರತಿ ಶನಿವಾರ ಇರುತ್ತಾ?" ಎಂದು ಒಬ್ಬ ಪಕ್ಕದವನನ್ನು ಕೇಳಿದ.

ಸುತ್ತಿಗೆ ಅವಳ ಬಲಗೈಯಿಂದ ಒಂದು ಗೇಣು ದೂರದಲ್ಲಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಎರಡೂ ಕೈಯಿಂದ ದಿಮ್ಮಿಯನ್ನು ತಬ್ಬಿ ಎದೆಗೆ ಗುರಾಣಿ ಹಿಡಿದಳು. ಅವನು ತಿವಿದ, ಮೊನೆ ಐಸಿಗೆ ಸಿಕ್ಕಿ ಅರ್ಧ ಅಂಗುಲ ಮುರಿಯಿತು. ಮೊಣಕಾಲಿಗೆ ಒದ್ದ, ಅವಳು ಕುಸಿದಳು, ದಿಮ್ಮಿ ಬಿದ್ದು ನೂರು ಚೂರಾಯಿತು. ಬೂಟುಗಾಲಿನಿಂದ ಮುಖಕ್ಕೊಂದು ಕೊಟ್ಟ. ಮುಂದಿನ ಹಲ್ಲೊಂದು ಐಸ್ ಚೂರುಗಳ ನಡುವೆ ಬಿದ್ದು ಗುರುತು ಸಿಗದೆ ಹೋಯಿತು. ಅವಳು ಬಾಯಿಯ ರಕ್ತ ಉಗಿದು, ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡಳು, ಅವು ತಾವಾಗಿಯೇ ಎದ್ದುಬಿಟ್ಟಾವು ಎಂಬ ಭಯಕ್ಕೆ.

"ಹೊಡಿ, ಹೊಡಿ," ಅಂದಳು. "ಹೊಡೆದು ಸುಸ್ತಾದ್ಮೇಲೆ ಹೋಗು."

ಅಷ್ಟರಲ್ಲಿ ಎರಡು ದಿಕ್ಕುಗಳಿಂದ ನೆರವು ಹೊರಟಿತು. ಬಾಗಿಲಿನಿಂದ, ಪುಂಡರನ್ನು ಎತ್ತಿ ಹೊರಹಾಕುವ ಬೌನ್ಸರ್, ಆರೂಕಾಲಡಿ ಎತ್ತರ, ಅಡ್ಡಹೆಸರು ಇರುವೆ. ಆಫೀಸಿನಿಂದ ಮೇಡಂ, ಕೈಯಲ್ಲಿ ದಪ್ಪ ತಳದ ಬಾಟಲಿ. ಇರುವೆ ಆಚೆ ಹಾರಲೆಂದು ಕೌಂಟರ್ ಹತ್ತಿದ. ಮೇಡಂ ಕಣ್ಣು ಮುಚ್ಚಿ ಬೀಸಿದಳು. ಬಾಟಲಿ ಇರುವೆಯ ನೆತ್ತಿಯ ಮೇಲೆ ಒಡೆಯಿತು. ಇರುವೆ, "ಮೇಡಂ, ನಾನು..." ಎಂದ, ಹಣೆಯಿಂದ ಇಳಿದ ರಕ್ತವನ್ನು ಬೆರಳಲ್ಲಿ ಮುಟ್ಟಿ ನೋಡಿದ, ಅಡಿಪಾಯ ಕಿತ್ತ ಮಾಳಿಗೆಯ ಹಾಗೆ ನಿಧಾನಕ್ಕೆ ಬಿದ್ದ. ಬೀಳುವಾಗ ಮೂರು ಸ್ಟೂಲು, ಇಬ್ಬರು ಗಿರಾಕಿಗಳು ಮತ್ತು ಒಂದು ನಿಶ್ಚಿತಾರ್ಥದ ಮಾತುಕತೆಯನ್ನು ಜೊತೆಗೆ ಕರೆದುಕೊಂಡು ಹೋದ. ಈಗ ಗಿರಾಕಿಗಳಿಗೆ ಇದು ಆಟವಲ್ಲವೆಂದು ತಿಳಿಯಿತು. ಇಪ್ಪತ್ತು ಮಂದಿ ಒಂದೇ ಬಾಗಿಲಿಗೆ ನುಗ್ಗಿದರು. ಅಲ್ಲಿ ಒಂದು ಉಪಯುದ್ಧ ನಡೆಯಿತು. ಅದರಲ್ಲಿ ಒಂದು ಮೂಗು, ನಾಲ್ಕು ಕನ್ನಡಕ ಮಡಿದವು.

ಶೋಕಿಲಾಲನಿಗೆ ಕೆಳಗೆ ಬಿದ್ದ ಅತ್ತಿಗೆಯಲ್ಲಿ ಆಸಕ್ತಿ ಹೋಯಿತು. ಕೌಂಟರಿಗೆ ಬೆನ್ನು ಕೊಟ್ಟು, ಓಣಿಯ ತುದಿಯ ಕೋಣೆಯ ಕಡೆ ನೋಡಿ ಕೂಗಿದ: "ಏಯ್, ಬಾರೇ ಹೊರಗೆ. ನಿನ್ನಕ್ಕನ ಕಥೆ ಮುಗೀತು. ಮನೆಗೆ ಬರ್ತೀಯೋ, ಮುಖ ಕೊಯ್ಸಿಕೊಂಡು ಬರ್ತೀಯೋ, ನೀನೇ ಆರಿಸ್ಕೋ."

ಬಾಗಿಲು ತೆರೆಯಿತು. ತಂಗಿ ಬಂದಳು. ಕೈಯಲ್ಲಿ ಇಪ್ಪತ್ತೈದು ಗ್ಲಾಸುಗಳ ಜಾಲರಿ ತಟ್ಟೆ, ಆಗಷ್ಟೇ ಯಂತ್ರದಿಂದ ತೆಗೆದದ್ದು, ಹೊಗೆಯಾಡುತ್ತಿತ್ತು. ಅವಳ ಕಣ್ಣಲ್ಲಿ ಏನೂ ಕಾಣಿಸಲಿಲ್ಲ. ನಲವತ್ತನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳ ಬಾಯಿಂದ ದೊಡ್ಡ ದನಿ ಹೊರಟಿತು:

"ಹಿಂದೆ, ಬಿಸಿ!"

ಶೋಕಿಲಾಲ ಗಿರಕ್ಕನೆ ತಿರುಗಿ ಹೊಟ್ಟೆಯನ್ನು ಕೌಂಟರಿಗೆ ಒತ್ತಿದ. ಮೊಣಕೈ ಒಳಗೆಳೆದ. ಚಾಕುವಿನ ಮೊನೆ ನೆಲಕ್ಕೆ ಮಾಡಿದ. ಕಂಬದ ಹಾಗೆ ನಿಂತ.

ಅದು ಒಂದು ಉಸಿರಿನಷ್ಟು ಹೊತ್ತು. ಆ ಉಸಿರಿನಲ್ಲಿ ಐಸಕ್ಕ ನೆಲದಿಂದ ಎದ್ದಳು, ಸುತ್ತಿಗೆಯನ್ನು ನೋಡಿದಳು, ಮೇಡಂ ಕಡೆ ನೋಡಿದಳು. ಮೇಡಂ ನೋಡುತ್ತಿದ್ದಳು. ಬಿಳಿ ಹೆಂಚಿನ ಗೋಡೆ, ಕಲ್ಲಿನ ಮೇಜು, ಬಾಗಿಲು ಹಾಕಿಕೊಂಡರೆ ಸಿಗುವ ಮೌನ, ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಇನ್ನರ್ಧ ಉಸಿರಿಗೆ ಇವನು ಎಚ್ಚರಾಗುತ್ತಾನೆ. ಅವನಿಗೂ ಪುಟ್ಟಿಗೂ ನಡುವೆ ಎರಡು ಹೆಜ್ಜೆ.

ಐಸಕ್ಕ ಕೈ ಎತ್ತಿದಳು. ಪೂರ್ತಿ ಎತ್ತಿದಳು.

ನಾಲ್ಕು ವರ್ಷ ಏಳು ತಿಂಗಳ ಉಪವಾಸ ಮುರಿದ ಆ ಸುತ್ತಿಗೆಯ ವೈಭವವನ್ನು ವರ್ಣಿಸುವುದು ಕಷ್ಟ. ಮೊದಲ ಏಟು ಚಾಕು ಹಿಡಿದ ಬಲ ಮಣಿಕಟ್ಟಿಗೆ. ಒಣ ಕಡ್ಡಿಯ ಸದ್ದು ಬಂತು, ಚಾಕು ಹಾರಿ ಸಂಗೀತದ ಪೆಟ್ಟಿಗೆಯೊಳಗೆ ನಾಟಿತು, ಸಂಗೀತ ನಿಂತಿತು. ಎರಡನೆಯದು ಹೆಗಲಿನ ಮೂಳೆಗೆ. ಮೂರನೆಯದು, ಅವನು ಕುಸಿಯುತ್ತಿದ್ದ ಅನುಕೂಲ ನೋಡಿ, ಮಂಡಿ ಚಿಪ್ಪಿಗೆ. ದಿಮ್ಮಿಯನ್ನು ಎಲ್ಲಿ ಹೊಡೆದರೆ ಎಲ್ಲಿ ಬಿರುಕು ಬಿಡುತ್ತದೆಂಬ ನಲವತ್ತು ವರ್ಷದ ವಿದ್ಯೆ ಒಂದೂ ವ್ಯರ್ಥವಾಗಲಿಲ್ಲ. ಅವನು "ಅಕ್ಕಾ, ಅಕ್ಕಾ" ಅನ್ನತೊಡಗಿದ. ಸಂಬಂಧಗಳ ಮಹತ್ವ ಮನುಷ್ಯನಿಗೆ ಎಂಥೆಂಥ ಹೊತ್ತಿನಲ್ಲಿ ಅರಿವಾಗುತ್ತದೆ!

ತಂಗಿ ತಟ್ಟೆಯನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟಳು. ಇಪ್ಪತ್ತೈದರಲ್ಲಿ ಒಂದು ಗ್ಲಾಸೂ ಒಡೆದಿರಲಿಲ್ಲ. ಗಂಡನನ್ನು ಮೇಲಿಂದ ಕೆಳಗೆ ಪರೀಕ್ಷಿಸಿದಳು.

"ಅಕ್ಕ, ಎಡಗೈ ಬಿಟ್ಟಿದ್ದೀಯ."

"ಬೇಕೇನೇ?"

"ನನಗೆ ಹೊಡೀತಿದ್ದದ್ದು ಅದರಲ್ಲೇ. ಬಲಗೈನ ಶೇಕರಿಗೆ ಅಂತ ಜೋಪಾನವಾಗಿ ಇಟ್ಕೊಂಡಿದ್ದ."

ಐಸಕ್ಕ ತಂಗಿಯ ಮಾತನ್ನು ಎಂದೂ ತೆಗೆದುಹಾಕಿದವಳಲ್ಲ. ಆಮೇಲೆ ಅವನ ಕಾಲರ್ ಹಿಡಿದೆತ್ತಿ, ತಲೆಕೆಳಗಾಗಿ ಐಸ್ ತೊಟ್ಟಿಯೊಳಗೆ ಸೊಂಟದವರೆಗೆ ಇಳಿಸಿ, "ಊತ ಇಳೀಲಿ" ಅಂದಳು. ಪೊಲೀಸರು ಬರುವ ಹೊತ್ತಿಗೆ ಶೋಕಿಲಾಲನ ಮೀಸೆ ಹೆಪ್ಪುಗಟ್ಟಿ ಎರಡೂ ಕಡೆ ಕೋಲಿನ ಹಾಗೆ ನಿಂತಿತ್ತು. ಆಸ್ಪತ್ರೆಯಲ್ಲಿ ಅವನ ಎಲುಬು ಎಣಿಸಿದ ವೈದ್ಯರು ಬಸ್ಸೋ ಲಾರಿಯೋ ಎಂದು ಕೇಳಿದರಂತೆ. ವಾಸಿಯಾದ ಮೇಲೆ ಅವನು ಹೋಗಬೇಕಾದದ್ದು ಜೈಲಿಗೆ. ಹೆಂಡತಿ ಪೊಲೀಸರಿಗೆ ಎಲ್ಲವನ್ನೂ, ತಾರೀಖಿನ ಸಮೇತ, ಗಟ್ಟಿ ದನಿಯಲ್ಲೇ ಹೇಳಿದ್ದಳು.

ಎಲ್ಲರೂ ಹೋದ ಮೇಲೆ, ಒಡೆದ ಗಾಜಿನ ನಡುವೆ ನಾಲ್ಕೇ ಜನ ಉಳಿದರು. ಐಸಕ್ಕನ ಕೈಗೆ ಹದಿನೇಳು ಹೊಲಿಗೆ, ಇರುವೆಯ ನೆತ್ತಿಗೆ ಒಂಬತ್ತು. ಮೇಡಂ ಸಿಗರೇಟು ಹಚ್ಚಿದಳು.

"ನಿಯಮ ಗೊತ್ತಲ್ಲ?"

"ಗೊತ್ತು." ಐಸಕ್ಕ ಸೊಂಟದಿಂದ ಕೀಲಿ ಬಿಚ್ಚಿ ಕೌಂಟರಿನ ಮೇಲಿಟ್ಟಳು. "ನೀವೂ ಬಾಟ್ಲಿ ಎತ್ತಿದ್ರಿ ಮೇಡಂ."

"ನನ್ನ ಗುರಿ ತಪ್ಪಿತು. ಅದು ಲೆಕ್ಕಕ್ಕಿಲ್ಲ."

"ನನ್ನ ತಲೇನ ಒಂದ್ಮಾತು ಕೇಳಿ ಮೇಡಂ," ಅಂದ ಇರುವೆ.

ತಂಗಿ ಏಪ್ರನ್ ಬಿಚ್ಚತೊಡಗಿದಳು. "ಅಕ್ಕ ಹೋದ್ರೆ ನಾನೂ ಹೋಗ್ತೀನಿ."

"ಏಪ್ರನ್ ಕಟ್ಕೋ. ನಿನ್ನಕ್ಕನ ಮುಂದೆ ನಾನು ಮಾತು ಮುರಿಯಲ್ಲ. ನಾಳೆಯಿಂದ ಅವಳು ಕೌಂಟರಿನ ಈಚೆ ಕಾಲಿಡೋ ಹಾಗಿಲ್ಲ, ಆ ರೂಮಿಗೂ ಇಳಿಯೋ ಹಾಗಿಲ್ಲ." ಮೇಡಂ ಹೊಗೆ ಬಿಟ್ಟು ಇರುವೆಯ ಕಡೆ ತಿರುಗಿದಳು. "ನೀನು ರಕ್ತ ನೋಡಿದ್ರೆ ಬೀಳ್ತೀಯಾ?"

"ಚಿಕ್ಕಂದಿನಿಂದ್ಲೂ ಹಂಗೇ ಮೇಡಂ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ..."

"ಹಾಗಾದ್ರೆ ಕೀಲಿ ನೀನು ತಗೋ. ಐಸಿಗೆ ರಕ್ತ ಇಲ್ಲ. ಬಾಗಿಲಲ್ಲಿ ಐಸಕ್ಕ ನಿಲ್ಲಲಿ. ಬಾಗಿಲು ಕೌಂಟರಿನ ಆಚೆ. ಅಲ್ಲಿ ಕೈ ಎತ್ತದವರು ನನಗೆ ಬೇಡ."

ಇರುವೆ ಖುಷಿಗೆ ಅತ್ತುಬಿಟ್ಟ. ತಂಗಿ ಅಕ್ಕನ ಭುಜ ತಟ್ಟಿದಳು. ಐಸಕ್ಕ ಮಾತ್ರ ಕೌಂಟರಿನ ಮೇಲಿನ ಕೀಲಿಯನ್ನು ನೋಡುತ್ತ ನಿಂತಳು. ಸೀಳಿದ ಕೈ, ಹೋದ ಹಲ್ಲು, ಊದಿದ ಮಂಡಿ ಯಾವುದಕ್ಕೂ ಆ ಸಂಜೆ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ. ಇರುವೆ ತನ್ನ ದಪ್ಪ ಬೆರಳುಗಳಿಂದ ಆ ಕೀಲಿಯನ್ನು ಎತ್ತಿಕೊಂಡಾಗ ಬಂತು. "ಗರಗಸಕ್ಕೆ ದಿನಾ ಎಣ್ಣೆ ಹಾಕು," ಅಂದಳು.

ಈಗ ಐಸಕ್ಕ ಕಪ್ಪು ಕೋಟು ತೊಟ್ಟು ಆ ಬಾರಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಮೊದಲ ವಾರದಲ್ಲಿ ಏಳು ಜನರನ್ನು ಎತ್ತಿ ರಸ್ತೆಗೆ ಹಾಕಿದಳು. ಎರಡನೇ ವಾರ ಇಬ್ಬರನ್ನು. ಆಮೇಲೆ ಗಿರಾಕಿಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ, ಕೈ ಕಟ್ಟಿಕೊಂಡು ಬರತೊಡಗಿದರು. ಕುಡಿದವರೂ ಅವಳ ಮುಂದೆ ಹಾಯುವಾಗ ಗೆರೆ ಎಳೆದಂತೆ ನಡೆಯುತ್ತಾರೆ, "ನಮಸ್ಕಾರ ಅಕ್ಕ" ಅನ್ನುತ್ತಾರೆ. ಹೀಗಾಗಿ ಅವಳಿಗೆ ಈಗ ಹೊಡೆಯಲು ಯಾರೂ ಸಿಗುವುದಿಲ್ಲ. ಸಂಜೆ ಆರರಿಂದ ಸುಮ್ಮನೆ ನಿಂತಿರಬೇಕು. ಕೈ ತುರಿಸಿದರೆ ಕೆಳಗಿಳಿದು ಹೋಗಲು ರೂಮಿಲ್ಲ, ಎದುರಿಗೆ ದಿಮ್ಮಿಯಿಲ್ಲ, ಇರುವುದು ಜನ ಮಾತ್ರ.

ಅದು ಜನಕ್ಕೂ ಗೊತ್ತು.